ಎರೆ ರಸ್ತೆ, ಮಸಾರಿ ರಸ್ತೆ

ಸಿಂಧನೂರಿನವರಿಗೂ ಲಿಂಗಸುಗೂರಿನವರಿಗೂ ಕೂತಲ್ಲಿ ನಿಂತಲ್ಲಿ ಒಂದು ಜಗ್ಗಾಟ. ‘ನಿಮ್ ಕಡಿ ನೀರೆಲ್ಲೈತ್ರೀ?’ ಎಂದು ಅವರು ಕೆಣಕಿದರೆ, ‘ನಿಮ್ ಕಡಿ ರೋಡೆಲ್ಲೈತ್ರೀ?’ ಎಂದು ಇವರು ತಿರುಗಿಸಿ ಕೇಳುತ್ತಾರೆ. ಇದಕ್ಕೆ ತೀರ್ಪು ಹೇಳುವ ಯೋಗ್ಯತೆ ಯಾರಿಗಾದರೂ ಇದ್ದರೆ ಅದು ಸಂತೆಕಲ್ಲೂರಿನಂಥ ಊರಿಗೆ. ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ಮಸ್ಕಿಗೆ ಸೇರಿದ ಈ ಊರಿಗೆ ತಹಶೀಲ್ದಾರ್ ಕಚೇರಿ ಮಸ್ಕಿಯಲ್ಲಿ, ಉಪವಿಭಾಗಾಧಿಕಾರಿ ಕಚೇರಿ ಲಿಂಗಸುಗೂರಿನಲ್ಲಿ, ಭತ್ತದ ನಾಡು ಸಿಂಧನೂರಿನ ಕಡೆಗೆ. ಮೂರೂ ಕಡೆಯ ರಸ್ತೆ ತುಳಿಯದೆ ಬದುಕು ಸಾಗದು. 19ನೇ ಶತಮಾನದಲ್ಲಿ ‘ಕೃಷಿಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ನೆಲೆಯೂ ಇದೇ ಆದ್ದರಿಂದ, ನೆಲ ನೋಡಿ ಮಾತಾಡುವುದು ಇಲ್ಲಿಗೆ ಹೊಸದಲ್ಲ. ಗಾಡಿ ಓಡಿಸುವ ವಿಷಯವನ್ನೂ ನೆಲದಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ.

ಮೊದಲಿಗೆ ರಾಷ್ಟ್ರೀಯ ಹೆದ್ದಾರಿ 150ಎ ಅನ್ನು ಲೆಕ್ಕದಿಂದ ತೆಗೆದಿಡೋಣ. ಜೇವರ್ಗಿಯಿಂದ ಹೊರಟು ಚಾಮರಾಜನಗರದವರೆಗೆ ಹೋಗುವ ಆ ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಮುಟ್ಟುತ್ತದೆ. ಅದರ ಹಿರಿಮೆ ಮೂವರಿಗೂ ಸಮಪಾಲು. ನಿಜವಾದ ಪರೀಕ್ಷೆ ಹೆದ್ದಾರಿ ಬಿಟ್ಟು ಊರೊಳಗೆ ತಿರುಗುವ ರಸ್ತೆಗಳದ್ದು. ಸಿಂಧನೂರು ಕಡೆ ತಿರುಗಿದರೆ ಕೆಳಗಿರುವುದು ಎರೆ. ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗಿ ಬಿರಿಯುವ ಮಣ್ಣು. ಮೇಲೆ ಎಷ್ಟೇ ಚೊಕ್ಕ ಡಾಂಬರು ಹಾಕಿದರೂ ಕೆಳಗಿನ ಮಣ್ಣು ವರ್ಷವಿಡೀ ಉಸಿರಾಡುತ್ತಲೇ ಇರುತ್ತದೆ. ಅಂಚಿನಿಂದ ಒಂದೆರಡು ಅಡಿ ಒಳಗೆ, ರಸ್ತೆಯ ಉದ್ದಕ್ಕೂ ಒಂದು ಸೀಳು ಬೀಳುತ್ತದೆ. ಮಳೆಗಾಲದಲ್ಲಿ ಆ ಸೀಳಿಗೆ ನೀರಿಳಿದು ಅಂಚೇ ಕುಸಿಯುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ಬಸಿ ನೀರು, ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರು, ಎರಡೂ ಸೇರಿ ಬೇಸಿಗೆಯಲ್ಲೂ ರಸ್ತೆಯ ತಳ ಒಣಗಲು ಬಿಡುವುದಿಲ್ಲ. ಇದರ ಮೇಲೆ ಕೇಜ್ ವ್ಹೀಲ್. ಕೆಸರು ಮಾಡಲು ಟ್ರ್ಯಾಕ್ಟರಿಗೆ ಹಾಕಿದ ಆ ಕಬ್ಬಿಣದ ಗಾಲಿಯನ್ನು ಬಿಚ್ಚದೆ ಗದ್ದೆಯಿಂದ ಗದ್ದೆಗೆ ರಸ್ತೆಯಲ್ಲೇ ಓಡಿಸಿದರೆ, ಡಾಂಬರಿನ ಮೇಲೆ ಗೇಣು ಗೇಣಿಗೆ ಅಡ್ಡಗೀರು ಮೂಡುತ್ತದೆ. ಒಂದು ಹಂಗಾಮಿನಲ್ಲಿ ಆ ಗೀರೇ ಗುಂಡಿ. ಕಾಲುವೆ ಪಕ್ಕದ ಮಣ್ಣು ದಾರಿಯ ಪಾಡು ಇನ್ನೂ ಕಷ್ಟ: ಬೈಕಿನ ಮಡ್‌ಗಾರ್ಡ್ ಒಳಗೆ ಎರೆ ಮೆತ್ತಿ ಗಾಲಿ ತಿರುಗದೆ ನಿಂತುಬಿಡುತ್ತದೆ, ಕಡ್ಡಿಯಿಂದ ಕೆದರಿ ತೆಗೆಯುತ್ತ ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ.

ಮಸ್ಕಿ ದಾಟಿ ಲಿಂಗಸುಗೂರಿನತ್ತ ಹೋದಂತೆ ಗುಡ್ಡ, ಬಂಡೆ, ಮಸಾರಿ ಎಂಬ ಕೆಂಪು ನೆಲ ಹೆಚ್ಚುತ್ತವೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಅಶೋಕನ ಶಾಸನ ಎರಡು ಸಾವಿರ ವರ್ಷ ದಾಟಿಯೂ ಓದಲು ಸಿಕ್ಕಿದ್ದು ಈ ಸೀಮೆಯ ಬಂಡೆಯ ಮೇಲೆಯೇ. ಗರಸು ನೆಲ ಮಳೆ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬಸಿದುಬಿಡುತ್ತದೆ. ಮಳೆ ನಿಂತು ಗಂಟೆಯೊಳಗೆ ಮಣ್ಣು ದಾರಿಯಲ್ಲೂ ಬೈಕು ಹೋದೀತು. ಗಾಡಿ ಓಡಿಸುವವನಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇರೆ ಇಲ್ಲ. ತುಂಬು ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯುವ ಮನೆಯವರಿಗಂತೂ ಆ ಒಂದು ಗಂಟೆಯೇ ಎಲ್ಲ.

ಒಣ ಸೀಮೆಯಲ್ಲೂ ರಸ್ತೆಯನ್ನೇ ಕಣ ಮಾಡುತ್ತಾರಲ್ಲ ಎಂಬ ಸಿಂಧನೂರಿನವರ ಆಕ್ಷೇಪ ನ್ಯಾಯವಾದದ್ದು. ಸಜ್ಜೆ, ತೊಗರಿ ಹರವಿ ಗಾಡಿಗಳಿಂದ ಒಕ್ಕಣೆ ಮಾಡಿಸುವಾಗ ಹೊಟ್ಟು, ದಂಟು ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರ್ ಕಾವಿಗೆ ಹೊತ್ತಿಕೊಳ್ಳುವ ಅಪಾಯ ಇದ್ದೇ ಇದೆ. ಬೈಕು ಜಾರುವುದು ಬೇರೆ. ಆದರೆ ಭತ್ತ ಒಣಹಾಕಲು ಅರ್ಧ ರಸ್ತೆಗೆ ಕಲ್ಲಿಟ್ಟು, ಕತ್ತಲಾದ ಮೇಲೂ ಆ ಕಲ್ಲು ತೆಗೆಯದಿರುವುದು ಕಾಲುವೆ ಸೀಮೆಯಲ್ಲಿ ಕಡಿಮೆಯೇ? ಈ ತಪ್ಪು ಎರಡೂ ಕಡೆ ಸರಿಸಮ. ಊರೂರಿಗೆ ಒಕ್ಕಣೆ ಕಣ ಕಟ್ಟಿಕೊಟ್ಟರೆ ಇದು ತೀರುತ್ತದೆ, ಎರೆಯ ಗುಣ ತೀರುವುದಿಲ್ಲ.

ಗಾಡಿ ಓಡಿಸಲು ಲಿಂಗಸುಗೂರು ಕಡೆಯೇ ಮೇಲು, ಆದರೆ ಬಾಳುವ ಮಾತಿಗೆ ಬಂದಾಗ ನನ್ನ ತಕ್ಕಡಿ ಸಿಂಧನೂರಿನ ಕಡೆ ವಾಲುತ್ತದೆ, ಅದನ್ನು ಮುಚ್ಚಿಡಲಾರೆ. ಬೇಸಿಗೆ ಬಂದರೆ ಮಸ್ಕಿ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರು ಮಕ್ಕಳು ಮರಿ, ಪಾತ್ರೆ ಗಂಟು ಸಮೇತ ಬಸ್ಸು ಹತ್ತುತ್ತಾರೆ. ಓಡಿಸಲು ಒಳ್ಳೆಯ ರಸ್ತೆ ಊರು ಬಿಟ್ಟು ಹೋಗಲಿಕ್ಕೇ ಹೆಚ್ಚು ಬಳಕೆಯಾದರೆ ಅಲ್ಲಿನ ಬಾಳು ಮೇಲೆಂದು ಹೇಗೆ ಹೇಳಲಿ? ಸಿಂಧನೂರು ಸೀಮೆಗೆ ದೂರದಿಂದ ಬಂದು ಕ್ಯಾಂಪು ಕಟ್ಟಿ ನೆಲೆಯೂರಿದವರಿದ್ದಾರೆ. ಬಂಗಾಳಿ ನಿರಾಶ್ರಿತರೂ ಅಲ್ಲೇ ಬೇರೂರಿದರು. ಜನ ಎಲ್ಲಿಗೆ ಬರುತ್ತಾರೆ, ಎಲ್ಲಿಂದ ಹೊರಡುತ್ತಾರೆ ಎಂಬ ಸಾಕ್ಷಿಯನ್ನು ಯಾವ ವಾದವೂ ಮೀರಲಾರದು.

ಹಾಗೆಂದು ಸಿಂಧನೂರು ಪೂರ್ತಿ ಗೆದ್ದಂತಲ್ಲ. ಎಡದಂಡೆ ನಾಲೆಯನ್ನು ಯೋಜಿಸಿದ್ದು ಬಹುಪಾಲು ಅರೆ ನೀರಾವರಿ ಬೆಳೆಗಳಿಗೆ. ಮೇಲ್ಭಾಗದವರು ಭತ್ತಕ್ಕೆ ಇಳಿದ ಮೇಲೆ ಕೊನೆ ಭಾಗದ ರೈತನಿಗೆ ನೀರು ತಲುಪುವುದೇ ದುಸ್ತರವಾಯಿತು. ಅವನ ರಸ್ತೆ ಎರೆಯದ್ದು, ಹೊಲ ಮಾತ್ರ ಒಣಗಿದ್ದು. ಈ ಜಗ್ಗಾಟದಲ್ಲಿ ಎರಡೂ ಕಡೆ ಸೋತವನು ಅವನೊಬ್ಬನೇ. ಮಸ್ಕಿ ಭಾಗದ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕೂತದ್ದು ಸರಿಯೇ. ಆದರೆ ಕಾಲುವೆ ಬಂದ ದಿನ ಬಸಿಗಾಲುವೆಯೂ, ಎರೆ ತೆಗೆದು ಗರಸು ತುಂಬಿದ ರಸ್ತೆ ತಳವೂ ಅದೇ ಅಂದಾಜುಪಟ್ಟಿಯಲ್ಲಿ ಇರಬೇಕು.