ಅರಮನೆಯ ಚೂರಿಗೆ ಬಿಡುಗಡೆ ಇಲ್ಲ

ರಾಬಿನ್ ಹಾಬ್ ಎಂಬ ಹೆಸರಿನಲ್ಲಿ ಬರೆಯುವ ಅಮೆರಿಕದ ಲೇಖಕಿಯ ‘ಫೂಲ್ಸ್ ಎರಂಡ್’ (2001) ರಾಜ, ರಾಣಿ, ಮಾಯೆ, ತೋಳಗಳ ಕತೆ. ಇಂಥದ್ದನ್ನು ಓದಿ ನಮಗೇನಾಗಬೇಕು ಎಂದು ಗೆಳೆಯರು ಕೇಳಬಹುದು. ಆಗಬೇಕಾದದ್ದಿದೆ. ಅರಮನೆ ತನ್ನ ಹೊಲಸು ಕೆಲಸವನ್ನು ಯಾರ ಕೈಲಿ ಮಾಡಿಸುತ್ತದೆ ಎಂಬ ಪ್ರಶ್ನೆಯನ್ನು ಈ ಕಾದಂಬರಿ ಎತ್ತುತ್ತದೆ. ಎತ್ತಿದ್ದನ್ನು ಅರ್ಧಕ್ಕೇ ಕೆಳಗಿಳಿಸುತ್ತದೆ.

ಫಿಟ್ಸ್ ಯುವರಾಜನಿಗೆ ಮದುವೆಯಾಚೆ ಹುಟ್ಟಿದ ಮಗ. ಆರು ವರ್ಷದ ಕೂಸನ್ನು ತಾಯಿಯ ತಂದೆಯೇ ತಂದು ಕೋಟೆಯ ಬಾಗಿಲಲ್ಲಿ ಬಿಟ್ಟುಹೋದ. ಬೆಳೆದದ್ದು ಲಾಯದಲ್ಲಿ. ಅಜ್ಜನಾದ ಅರಸ ಅನ್ನ ಬಟ್ಟೆ ಕೊಟ್ಟು ನಿಷ್ಠೆ ಕೊಂಡುಕೊಂಡ, ಗುಟ್ಟಾಗಿ ಕೊಲ್ಲುವ ವಿದ್ಯೆ ಕಲಿಸಿದ. ಕಲಿಸಿದ ಗುರು ಚೇಡ್ ಕೂಡ ಅದೇ ಮನೆತನದಲ್ಲಿ ಹಾಗೇ ಹುಟ್ಟಿದವನು. ಸಿಂಹಾಸನ ಒಬ್ಬರಿಗೆ, ಚೂರಿ ಇನ್ನೊಬ್ಬರಿಗೆ. 1995ರಿಂದ 1997ರವರೆಗೆ ಬಂದ ಮೊದಲ ಮೂರು ಸಂಪುಟಗಳ ಕತೆ ಇದು.

ಈಗ ಹದಿನೈದು ವರ್ಷ ಕಳೆದಿದೆ. ಲೋಕದ ಪಾಲಿಗೆ ಅವನು ಸತ್ತವನು. ಬೇರೆ ಹೆಸರಿಟ್ಟುಕೊಂಡು, ಮುದಿ ತೋಳ ಮತ್ತು ಸಾಕುಮಗನ ಜೊತೆ ಕೋಳಿ ಸಾಕಿಕೊಂಡು ಗುಡಿಸಲಲ್ಲಿದ್ದಾನೆ. ನಿಧಾನವಾದ ಈ ಪುಟಗಳೇ ನಮಗೆ ಹೆಚ್ಚು ಹಿಡಿಸಿದವು. ಚೇಡ್ ಬಂದು ಕರೆದಾಗ ಒಲ್ಲೆ ಅಂದವನು, ರಾಜಕುಮಾರ ಕಾಣೆಯಾದ ಸುದ್ದಿಗೆ ಎದ್ದು ಹೊರಡುತ್ತಾನೆ. ಅಪ್ಪನ ಮನೆಗೆ ಕಾಲಿಡುವುದು ಆಳಿನ ವೇಷದಲ್ಲಿ.

ಅವನ ಮೈಯಲ್ಲಿ ಇನ್ನೊಂದು ‘ಕಳಂಕ’ವಿದೆ. ಪ್ರಾಣಿಗಳೊಡನೆ ಮನಸ್ಸು ಬೆಸೆಯುವ ‘ವಿಟ್’. ರಾಜಮನೆತನದ ‘ಸ್ಕಿಲ್’ ಎಂಬ ಶಕ್ತಿಗೆ ಗೌರವ. ವಿಟ್ ಇದ್ದವರನ್ನು ನೇಣಿಗೆ ಹಾಕಿ, ತುಂಡರಿಸಿ, ನೀರಿನ ಮೇಲೆ ಸುಡುತ್ತಾರೆ. ಲಾಯದ ಬರಿಚ್ ತನ್ನಲ್ಲೂ ಅದೇ ಇದ್ದರೂ ಮುಚ್ಚಿಟ್ಟು, ಹುಡುಗನಲ್ಲಿ ಕಂಡಾಗ ಕೆಂಡವಾದವನು. ಪಟ್ಟಣದಲ್ಲಿ ಬಾಡಿಗೆ ಮನೆಗಾಗಿ ಜಾತಿ ಮುಚ್ಚಿಟ್ಟವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಬಚ್ಚಿಟ್ಟುಕೊಂಡು ಬದುಕುವವನ ಉಸಿರುಕಟ್ಟುವಿಕೆಯನ್ನು ಲೇಖಕಿ ಬಲ್ಲರು.

ನಮ್ಮ ಜಗಳ ಬೇರೆ ಕಡೆ ಇದೆ. ಇಲ್ಲಿ ಎತ್ತರದ ಶಕ್ತಿಯೂ ರಕ್ತದಿಂದ, ಹೀನವೆನಿಸಿದ ಶಕ್ತಿಯೂ ರಕ್ತದಿಂದ. ಹುಟ್ಟಿನ ಭೇದ ಇಲ್ಲಿ ನಿಜ. ಅದನ್ನು ಸಹಿಸಿಕೊಳ್ಳಿ ಎಂಬುದಷ್ಟೇ ಕಾದಂಬರಿಯ ಬೇಡಿಕೆ. ಜಾತಿ ಹಾಗಲ್ಲ. ಅದು ರಕ್ತದಲ್ಲಿಲ್ಲ, ತಲೆಯಲ್ಲಿದೆ ಎಂದು ಅಂಬೇಡ್ಕರ್ 1936ರಲ್ಲೇ ‘ಜಾತಿವಿನಾಶ’ದಲ್ಲಿ ವಾದಿಸಿದರು. ನಮಗೆ ಸಹನೆ ಸಾಲದು.

ಇನ್ನೊಂದು ಮಾತು. ಸಿಡಿದೆದ್ದ ‘ಪೈಬಾಲ್ಡ್’ ಗುಂಪನ್ನು ಲೇಖಕಿ ಕ್ರೂರಿಗಳನ್ನಾಗಿ ಮಾಡಿದ್ದಾರೆ. ತಮ್ಮೊಡನೆ ಸೇರದ ತಮ್ಮವರನ್ನೇ ಅವರು ಹಿಡಿದುಕೊಡುತ್ತಾರೆ. ಅಂಥವರನ್ನು ನಾವೂ ಒಪ್ಪುವುದಿಲ್ಲ. ಆದರೆ ಅರಮನೆಗೂ ಬಗ್ಗದ, ತಮ್ಮವರನ್ನೂ ಮಾರದ ಹೋರಾಟ ಕಣ್ಣಿಗೆ ಬೀಳುವುದೇ ಇಲ್ಲ ಯಾಕೆ? ರಾಜಕುಮಾರನಲ್ಲೂ ವಿಟ್ ಇದೆ. ಅದನ್ನು ಮುಚ್ಚಿಡಲು ಫಿಟ್ಸ್ ತನ್ನಂಥವರ ಮೇಲೇ ಕತ್ತಿ ಎತ್ತುತ್ತಾನೆ. ತೋಳವನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ ಮತ್ತೆ ಅರಮನೆಗೇ ಸೇರುತ್ತಾನೆ.

ಇಂಗ್ಲಿಷ್ ಬಲ್ಲ ಮೇಷ್ಟ್ರುಗಳು ಈ ಕತೆಯನ್ನು ಹುಡುಗರಿಗೆ ಹೇಳಲಿ. ಹೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಲಿ: ಫಿಟ್ಸ್ ಯಾಕೆ ವಾಪಸ್ ಹೋದ?