ವೈ-ವೈ ಚಿತ್ರ ಮರೆಮಾಡಿದ ಪತ್ರ

2004ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ‘ವೈ-ವೈ ವಿರೋಧಾಭಾಸ’ಕ್ಕೆ ಸಿಕ್ಕಿರುವ ಮನ್ನಣೆ ಅತಿಯಾಯಿತು. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿರುವ ಚಿತ್ರವದು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಇಬ್ಬರದೂ 22.3. ಕೊಬ್ಬಿನಂಶ ಮಾತ್ರ ಯಾಜ್ಞಿಕರಲ್ಲಿ ಶೇ. 21.2, ಯುಡ್ಕಿನ್ನರಲ್ಲಿ ಶೇ. 9.1. ಭಾರತೀಯರ ಹೃದ್ರೋಗದ ಮಾತು ಬಂದಲ್ಲೆಲ್ಲ ಈ ಚಿತ್ರ ಹಾಜರು.

ಅದರ ಕೆಳಗಿನ ಬರಹವನ್ನು ಗಮನವಿಟ್ಟು ಓದಿದವರು ಕಡಿಮೆ. ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕರ ಓಟವೆಂದರೆ ಬೆಳಿಗ್ಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಒಳಸೇರುವುದು ಎಂದು ಲೇಖಕರೇ ನಗುತ್ತ ಹೇಳಿಕೊಂಡಿದ್ದಾರೆ. ಆ ನಗೆಮಾತು ಹೋಲಿಕೆಯ ಬುಡವನ್ನೇ ಅಲುಗಿಸುತ್ತದೆ. ಈ ವ್ಯತ್ಯಾಸ ಹುಟ್ಟಿನದೋ, ಓಟದ್ದೋ? ಮುಂದೆ ಯಾಜ್ಞಿಕರ ಕಡಿಮೆ ಜನನತೂಕದ ಪ್ರಸ್ತಾಪವೂ ಬರುತ್ತದೆ. ಕಾರಣಗಳು ಹೆಚ್ಚುತ್ತ ಹೋಗುತ್ತವೆ, ಮನುಷ್ಯರು ಇಬ್ಬರೇ. ಬಿಎಂಐ ಒಂದನ್ನೇ ನಂಬಬೇಡಿ ಎನ್ನಲು ಇಷ್ಟು ಸಾಕು. ಲೇಖಕರು ಅದಕ್ಕಿಂತ ಹೆಚ್ಚನ್ನು ಹೇಳಿಯೂ ಇಲ್ಲ. ಹೆಚ್ಚನ್ನು ಅದರ ಮೇಲೆ ಹೇರಿದವರು ಆಮೇಲೆ ಬಂದವರು.

ರಕ್ತನಾಳ ಯಾಕೆ ಕೆಡುತ್ತದೆ ಎಂದು ನಿಜಕ್ಕೂ ಕೇಳಿದ್ದು ಇದೇ ಇಬ್ಬರು ಸಂಗಡಿಗರೊಂದಿಗೆ 1999ರಲ್ಲಿ ‘ಡಯಾಬಿಟಿಸ್ ಕೇರ್’ಗೆ ಬರೆದ ಪುಟ್ಟ ಪತ್ರ. ಉರಿಯೂತದ ಸೈಟೊಕೈನ್‌ಗಳು ನಮ್ಮ ಹಳ್ಳಿಯವರಿಗಿಂತ ಪಟ್ಟಣದವರ ರಕ್ತದಲ್ಲಿ ಹೆಚ್ಚು ಎಂದು ಅದು ತೋರಿಸಿತು. ರೋಗನಿರೋಧಕ ಕೋಶಗಳಷ್ಟೇ ಅಲ್ಲ, ಕೊಬ್ಬಿನ ಅಂಗಾಂಶವೂ ಸ್ರವಿಸುವ ಪೆಪ್ಟೈಡ್‌ಗಳಿವು. ಅವುಗಳಲ್ಲಿ ಟಿಎನ್‌ಎಫ್ ಎಂಬುದು ಲೈಪೊಪ್ರೋಟೀನ್ ಲೈಪೇಸ್ ಕಿಣ್ವವನ್ನು ಅಡಗಿಸಿ ಟ್ರೈಗ್ಲಿಸರೈಡ್ ಏರಿಸುತ್ತದೆ. ಐಎಲ್-6 ಎಂಬ ಮತ್ತೊಂದರ ಸಂಗತಿ ಇನ್ನೂ ತೊಡಕಿನದು: ಅದರ ಕೆಲಸವನ್ನು ತಡೆಯುವ ಟೊಸಿಲಿಝುಮ್ಯಾಬ್ ಔಷಧ ಕೊಟ್ಟರೆ ಕೊಲೆಸ್ಟರಾಲ್ ಏರುತ್ತದೆ. ಅಂದರೆ ಉರಿಯೂತ ಜೋರಾಗಿರುವಾಗ ಲ್ಯಾಬಿನ ಚೀಟಿಯಲ್ಲಿ ಕೊಲೆಸ್ಟರಾಲ್ ತಗ್ಗಿ ಕಾಣಬಹುದು, ನಾಳದ ಗೋಡೆ ಕೆಡುತ್ತಲೇ ಇರಬಹುದು. ಒಂದು ಸಲ ತೆಗೆದ ರಕ್ತದಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದು. ಪತ್ರದ ಮಿತಿ ಅದು. ಪ್ರಶ್ನೆ ಮಾತ್ರ ಸರಿಯಾದದ್ದೇ.

ಉರಿಯೂತದ ಹೆಸರೆತ್ತಿದ ಕೂಡಲೇ ಕೊಲೆಸ್ಟರಾಲ್ ನಿರಪರಾಧಿ ಎಂದು ತೀರ್ಪು ಕೊಡುವವರಿದ್ದಾರೆ. ಅವರೊಂದಿಗೆ ನನ್ನ ಜಗಳ ದೊಡ್ಡದು. 2017ರ ಕ್ಯಾಂಟೋಸ್ ಪ್ರಯೋಗವನ್ನು ಅವರು ಮುಂದೊಡ್ಡುತ್ತಾರೆ. ಹಿಂದೆ ಹೃದಯಾಘಾತವಾಗಿದ್ದ 10,061 ಜನ ಅದರಲ್ಲಿದ್ದರು. ಐಎಲ್-1 ಬೀಟಾ ಎಂಬ ಸೈಟೊಕೈನನ್ನು ತಡೆಯುವ ಕನಕಿನುಮ್ಯಾಬ್ ಔಷಧ, 150 ಮಿಲಿಗ್ರಾಂ ಪ್ರಮಾಣದಲ್ಲಿ, ಎಲ್‌ಡಿಎಲ್ ಕೊಲೆಸ್ಟರಾಲ್ ಇಳಿಸದೆಯೇ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವುಗಳನ್ನು ಒಟ್ಟಾರೆ ಶೇ. 15ರಷ್ಟು ಕಡಿಮೆ ಮಾಡಿತು. ಸರಿ. ಆದರೆ ಅವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಆಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದರು. ಕೊಲೆಸ್ಟರಾಲನ್ನು ತಗ್ಗಿಸಿದ ಮೇಲೂ ಉಳಿದ ಅಪಾಯದ ಕಥೆಯಿದು; ಅದನ್ನು ಮುಚ್ಚಿಟ್ಟು ರೋಗಿಗಳಿಂದ ಮಾತ್ರೆ ಬಿಡಿಸುವುದು ಅನ್ಯಾಯ. ಔಷಧ ಪಡೆದವರಲ್ಲಿ ಮಾರಕ ಸೋಂಕು ಹೆಚ್ಚಿದ್ದನ್ನೂ ಅವರು ಹೇಳುವುದಿಲ್ಲ.

ಯಾಜ್ಞಿಕರ ತಂಡ 1999ರ ಪ್ರಶ್ನೆಯನ್ನು ಕೈಬಿಡಲಿಲ್ಲ. ಪುಣೆಯ ಸುತ್ತಿನ ಹಳ್ಳಿ, ನಗರದ ಕೊಳೆಗೇರಿ, ಮಧ್ಯಮ ವರ್ಗ ಮೂರರಿಂದಲೂ 441 ಗಂಡಸರನ್ನು ಆರಿಸಿ ಕೊಬ್ಬು, ಉರಿಯೂತ, ಸಕ್ಕರೆ ಮೂರನ್ನೂ ಅಳೆಯಿತು. 2008ರಲ್ಲಿ ‘ಡಯಾಬಿಟಾಲಜಿಯ’ದಲ್ಲಿ ವರದಿ ಬಂತು. ಹೆಂಗಸರನ್ನು ಹೊರಗಿಟ್ಟದ್ದು ಅದರ ದೊಡ್ಡ ಕೊರತೆ.