ತಾರೀಕು ಯಾರದು?

ಪೀಣ್ಯದ ಯಾವ ಕಾರ್ಖಾನೆಗೆ ಹೋದರೂ ನಾನು ಮೊದಲು ನೋಡಲು ಕೇಳುವುದು ಗೇಟಿನ ರಿಜಿಸ್ಟರನ್ನು. ಮ್ಯಾನೇಜರ್ ಕೋಣೆಯ ಚಾರ್ಟು ಆಮೇಲೆ. ಲಾರಿ ನಂಬರು, ಚಲನ್ ನಂಬರು, ಬಂದ ಹೊತ್ತು: ಸೆಕ್ಯುರಿಟಿಯವರು ಬಾಲ್‌ಪೆನ್ನಿನಲ್ಲಿ ಬರೆದಿಟ್ಟ ಆ ಸಾಲುಗಳಷ್ಟು ನಂಬಿಕೆಯ ದಾಖಲೆ ಒಳಗೆಲ್ಲೂ ಸಿಗುವುದಿಲ್ಲ.

ಹಿಂದೆ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಕಡೆ ಹೊತ್ತಿಗೆ ಮಾಲು ಕೊಟ್ಟಿದ್ದಕ್ಕೆ ಸಪ್ಲೈಯರುಗಳಿಗೆ ತಿಂಗಳು ತಿಂಗಳೂ ನೂರಕ್ಕೆ 95ರ ಆಸುಪಾಸು ಅಂಕ. ಆದರೂ ಅಸೆಂಬ್ಲಿ ಲೈನು ಮತ್ತೆ ಮತ್ತೆ ನಿಲ್ಲುತ್ತಿತ್ತು. ಗುಣಾಕಾರ ಮಾಡಿದಾಗ ಕಾರಣ ಕಂಡಿತು. ಒಂದು ಜೋಡಣೆಗೆ ಹತ್ತು ಭಾಗ ಬೇಕು, ಒಂದೊಂದೂ ಹೊತ್ತಿಗೆ ಬರುವ ಸಾಧ್ಯತೆ ಶೇ 95, ಒಂದರ ತಡಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎನ್ನಿ. ಹತ್ತೂ ಕೈಗೆ ಸಿಗುವ ಸಾಧ್ಯತೆ ಶೇ 60 ಮಾತ್ರ. ಇಪ್ಪತ್ತು ಭಾಗವಾದರೆ ಶೇ 36. ಬಾರದ ಒಂದಕ್ಕಾಗಿ ಉಳಿದವೆಲ್ಲ ರ‍್ಯಾಕಿನಲ್ಲಿ ಧೂಳು ಹಿಡಿಯುತ್ತವೆ. ಅವುಗಳಿಗೆ ಸುರಿದ ದುಡ್ಡೂ ಅಲ್ಲೇ ಕೂತಿರುತ್ತದೆ.

ಆ 95 ಕೂಡ ಗಟ್ಟಿಯದಲ್ಲ ಎಂದು ಗೇಟಿನ ರಿಜಿಸ್ಟರ್ ತೋರಿಸಿತು. ಒಂದು ಎರಕದ ಮಾಲು 10ನೇ ತಾರೀಕಿಗೆ ಬೇಕೆಂದಿದ್ದೆವು. ಸಪ್ಲೈಯರು 14 ಎಂದರು, ನಾವು ಕಂಪ್ಯೂಟರಿನಲ್ಲಿ ತಾರೀಕು ತಿದ್ದಿದೆವು. 14ಕ್ಕೆ ಇನ್‌ವಾಯ್ಸ್ ಆಯಿತು, 16ಕ್ಕೆ ಲಾರಿ ಬಂತು. ಲೆಕ್ಕಕ್ಕೆ ಹಿಡಿದದ್ದು ತಿದ್ದಿದ ತಾರೀಕು ಮತ್ತು ಇನ್‌ವಾಯ್ಸಿನ ತಾರೀಕು, ಹಾಗಾಗಿ ಆರು ದಿನ ತಡವಾದ ಮಾಲಿಗೆ ಪೂರ್ತಿ ಅಂಕ! 500 ಕೇಳಿದ್ದಕ್ಕೆ 460 ಬಂದಿದ್ದನ್ನೂ ಆ ಲೆಕ್ಕ ಗಮನಿಸಲಿಲ್ಲ.

ಅಳತೆ ಕೊಡುವವನ ಬಾಗಿಲಲ್ಲಿ ಅಲ್ಲ, ಪಡೆಯುವವನ ಬಾಗಿಲಲ್ಲಿ ಆಗಬೇಕು. ಟೊಯೊಟಾದ ತಾಯಿಚಿ ಓನೊ ಕಟ್ಟಿದ ಕಾನ್‌ಬಾನ್ ಪದ್ಧತಿಯ ಜೀವಾಳವೂ ಇದೇ: ಮುಂದಿನ ಹಂತದವನು ತನಗೆ ಬೇಕಾದಾಗ, ಬೇಕಾದಷ್ಟನ್ನೇ ಹಿಂದಿನ ಹಂತದಿಂದ ತೆಗೆದುಕೊಳ್ಳುತ್ತಾನೆ.

ಆಮೇಲೆ ನಾವು ಮೊದಲು ಕೇಳಿದ ತಾರೀಕನ್ನು ಅಳಿಸದೆ ಉಳಿಸಿಕೊಂಡು, ತಡವಾದ ಪ್ರತಿ ಚಲನ್ನಿನ ಎದುರು ಕಾರಣ ಬರೆಯತೊಡಗಿದೆವು. ಅಂಕ ಕುಸಿಯಿತು. ಕಾರಣಗಳನ್ನು ಓದಿದಾಗ ಮನಸ್ಸಿಗೆ ಕಷ್ಟವಾಯಿತು. ಡ್ರಾಯಿಂಗ್ ಬದಲಾಯಿಸಿ ಹೇಳದೇ ಇದ್ದವರು ನಾವು. ಬಿಲ್ಲು ತಡೆಹಿಡಿದವರೂ ನಾವೇ. ಸಣ್ಣ ಸಪ್ಲೈಯರಿಗೆ ಕಬ್ಬಿಣ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಕಿರು ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು ಹೆಚ್ಚೆಂದರೆ 45 ದಿನದೊಳಗೆ ತೀರಿಸಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ.

ಕಾರ್ಖಾನೆ ನಡೆಸುವ ಓದುಗರಲ್ಲಿ ಒಂದು ಕೋರಿಕೆ. ಈ ವಾರ ಗೇಟಿನ ರಿಜಿಸ್ಟರ್ ತರಿಸಿಕೊಂಡು ಕೊನೆಯ ಹತ್ತು ಚಲನ್ನುಗಳ ಪಕ್ಕ ಎರಡು ತಾರೀಕು ಬರೆಯಿರಿ: ನೀವು ಮೊದಲು ಮಾಲು ಕೇಳಿದ್ದು, ನೀವು ಹಣ ಕೊಟ್ಟಿದ್ದು.